ಒಂದೇ ಕೈಯಲ್ಲಿ ತಿರುವುವ ನಗೆಪುಸ್ತಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಹದಿನಾಲ್ಕು ಯಂತ್ರಗಳು ಗುಂಯ್‌ಗುಡಲು ಶುರುಮಾಡಿವೆ. ವಾರ್ಡಿನ ಕೆಲಸದ ಆಯಮ್ಮ ಒಂದು ರಾಶಿ ಪುಸ್ತಕ ಎದೆಗವಚಿಕೊಂಡು ಬಂದು, ಪ್ಲಾಸ್ಟಿಕ್ ಹೊದಿಸಿದ ಪುಟಗಳನ್ನು ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಾರೆ. "ಯಾರಿಗೆ ಯಾವ ಮಾವ ಬೇಕು, ಈಗ್ಲೇ ಹೇಳಿಬಿಡಿ. ಆಮೇಲೆ ಜಗಳ ಆಡ್ಬೇಡಿ."

ಮಾವ ಎಂದರೆ ‘ಮರೆಗುಳಿ ಮಾವ’, ದಿನಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕು ಚೌಕಗಳಲ್ಲಿ ಬರುವ ನಗೆಚಿತ್ರ. ಕೊಡೆ ಮರೆಯಬಾರದೆಂದು ಮುಂಗೈಗೆ ಕಟ್ಟಿಕೊಂಡು ಹೋದ ಮಾವ, ಕೊಡೆ ಸಮೇತ ಮನೆ ಸೇರುತ್ತಾನೆ. ಅತ್ತೆ ಬಸ್ ನಿಲ್ದಾಣದಲ್ಲೇ ಬಾಕಿ! ಇಂಥ ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ಆಯಮ್ಮ ಕತ್ತರಿಸಿ, ರಟ್ಟಿಗೆ ಅಂಟಿಸಿ ಪುಸ್ತಕ ಮಾಡಿದ್ದಾರೆ.

ಇಲ್ಲಿ ಮಲಗಿದವರು ಸೂಜಿ ಚುಚ್ಚಿದ ಕೈಯನ್ನು ನಾಲ್ಕು ಗಂಟೆ ಅಲ್ಲಾಡಿಸುವಂತಿಲ್ಲ. ಉಳಿದೊಂದು ಕೈಯಲ್ಲಿ ಪೇಪರ್ ಬಿಡಿಸಲು ಹೋದರೆ ಅದು ಮುಖದ ಮೇಲೆಯೇ ಬೀಳುತ್ತದೆ. ಅದಕ್ಕೇ ರಟ್ಟಿನ ಮೂಲೆಗೊಂದು ತೂತು, ತೂತಿಗೊಂದು ಕೀಗೊಂಚಲಿನ ಬಳೆ. ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಪುಟ ತಿರುಗುತ್ತದೆ.

"ನಮ್ಮನೆಯವರೂ ಇದೇ ವಾರ್ಡಲ್ಲಿ ಐದು ವರ್ಷ ಮಲಗಿದ್ರು," ಎನ್ನುತ್ತಾರೆ ಆಯಮ್ಮ. "ಗೋಡೆ ನೋಡಿ ನೋಡಿ ಸಿಡುಕರಾಗಿದ್ರು. ಒಂದಿನ ಮಾವನ್ನ ಕತ್ತರಿಸಿ ಕೈಗೆ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಮನುಷ್ಯ ನಕ್ಕಿದ್ದು ಅವತ್ತೇ." ಗಂಡ ತೀರಿಕೊಂಡು ಏಳು ವರ್ಷ. "ಪಕ್ಕದ ಹಾಸಿಗೆಯವರು, ಇವತ್ತು ಮಾವ ಏನ್ ಮಾಡ್ದ ಅಂತ ಕೇಳೋರು. ಕತ್ತರಿ ಕೆಳಗಿಡೋಕೆ ಮನಸ್ಸು ಬರಲಿಲ್ಲ."

ಆಯಮ್ಮನ ಪರಿಚಯ ನನಗಾಗಿದ್ದು ಆರನೇ ಹಾಸಿಗೆಯ ನಮ್ಮಣ್ಣನಿಂದ. ಎಡವಟ್ಟು ಮಾಡಿದ್ದೂ ಅವನೇ. ಕಳೆದ ವರ್ಷ ಆ ಕೊಡೆಯ ಚಿತ್ರ ನೋಡಿ ಬಿದ್ದು ಬಿದ್ದು ನಕ್ಕ, ಸೂಜಿಯ ಕೈ ಮಡಚಿದ, ಯಂತ್ರ ಕಿರುಚಿಕೊಂಡಿತು. ಹಿರಿಯ ನರ್ಸ್ ಓಡಿಬಂದು ಕೈ ಸರಿಮಾಡಿದರು. ಆಮೇಲೆ ಎಲ್ಲ ಪುಸ್ತಕಗಳನ್ನೂ ಬಾಚಿ ಬೀರುವಿಗೆ ಹಾಕಿ ಬೀಗ ಜಡಿದರು. ಸೂಜಿ ಕಳಚಿದರೆ ರಕ್ತ ಹರಿದೀತು, ಅವರ ಭಯ ಸುಳ್ಳಲ್ಲ. ಆದರೆ ಹದಿನಾಲ್ಕು ಜನ ಮತ್ತೆ ಗೋಡೆ ನೋಡತೊಡಗಿದರು. ಅಣ್ಣ ಪೆಚ್ಚುಮೋರೆ ಹಾಕಿಕೊಂಡು ಮಲಗುತ್ತಿದ್ದ.

ಆಯಮ್ಮ ವಾದಕ್ಕಿಳಿಯಲಿಲ್ಲ. ಮಧ್ಯಾಹ್ನದ ಬಿಡುವಿಗೆ ಒಂದೊಂದೇ ಪುಸ್ತಕ ಕೇಳಿ ಪಡೆದು ವಾಚ್‌ಮನ್ ಬಳಿ ಹೋದರು. ವಾಚ್‌ಮನ್‌ನ ಒಂದು ಕೈಗೆ ತುಂಬಿದ ನೀರಿನ ಲೋಟ, ಇನ್ನೊಂದು ಕೈಗೆ ಪುಸ್ತಕ. ನಗಿಸಿ ನೀರು ಚೆಲ್ಲಿಸಿದ ಚಿತ್ರ ವಾರ್ಡಿನಿಂದ ಹೊರಗೆ! ಹನ್ನೊಂದು ದಿನಕ್ಕೆ ಎಪ್ಪತ್ತಮೂರು ಚಿತ್ರಗಳು ಹೊರಬಿದ್ದವು, ವಾಚ್‌ಮನ್ ಯೂನಿಫಾರ್ಮು ಒಣಗಲೇ ಇಲ್ಲ. ಹೊರಬಿದ್ದವುಗಳ ಪುಸ್ತಕ ಈಗ ಹೊರಗಿನ ಬೆಂಚಿನ ಮೇಲಿದೆ, ಕಾಯುವ ನಮ್ಮಂಥವರಿಗೆ.

ಕೊನೆಗೆ ಹಿರಿಯ ನರ್ಸ್ ತಾವೇ ಲೋಟ ಹಿಡಿದು ಉಳಿದವನ್ನೆಲ್ಲ ಓದಿದರು. ತುಟಿ ಕಚ್ಚಿಕೊಂಡಿದ್ದರಂತೆ, ಆದರೆ ನೀರು ಚೆಲ್ಲಲಿಲ್ಲ. ಬೀರು ತೆರೆಯಿತು. ಷರತ್ತು ಒಂದೇ: ನಗುವಿನಿಂದ ಇನ್ನೊಮ್ಮೆ ಯಂತ್ರ ಕೂಗಿದರೆ ಪುಸ್ತಕಗಳು ಮತ್ತೆ ಹೊರಬರುವುದಿಲ್ಲ.

ಎಂಟು ತಿಂಗಳಾಯಿತು, ಕೂಗಿಲ್ಲ. ಅಣ್ಣ ಚಿಕಿತ್ಸೆಯ ದಿನ ಅಲಾರಂ ಹೊಡೆಯುವ ಮೊದಲೇ ಎದ್ದು ತಯಾರಾಗುತ್ತಾನೆ. ಅದಕ್ಕೆ ಔಷಧದಷ್ಟೇ ಆಯಮ್ಮನೂ ಕಾರಣ, ಅವರ ಋಣ ನಮ್ಮ ಮನೆಯ ಮೇಲಿದೆ.

ಭಯ ಆಗಲ್ವಾ ಎಂದು ಕೇಳಿದರೆ ಆಯಮ್ಮ ನನ್ನನ್ನು ವಾರ್ಡಿನ ಬಾಗಿಲಿಗೆ ಕರೆದೊಯ್ಯುತ್ತಾರೆ.

"ನಮ್ಮೋರು ಕಲ್ತುಬಿಟ್ಟಿದಾರೆ. ನೋಡಿ, ಕೈ ಒಂಚೂರೂ ಅಲ್ಲಾಡಲ್ಲ, ಹೊದಿಕೆ ಮಾತ್ರ ಕುಲುಕ್ತಾ ಇರತ್ತೆ. ಯಾರ ಹೊದಿಕೆ ಕುಲುಕ್ತಿಲ್ವೋ, ಅವರ ಪಕ್ಕ ಹೋಗಿ ನಾನು ಕೂತ್ಕೊಳ್ತೀನಿ."