ಗುಂಡಣ್ಣನ ಜುಟ್ಟಿಗೊಂದು ಹರಕೆ

ಹಿಂಡಿದ ಬೆಡ್‌ಶೀಟನ್ನು ಝಾಡಿಸಿ ಹಗ್ಗದ ಮೇಲೆ ಹಾಕುತ್ತಿದ್ದೆ. ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರೂ ಸರದಿ ಪ್ರಕಾರ ಬಟ್ಟೆ ಒಗೆಯುವ ರೂಮಿದೆ. ಗುರುವಾರ ನನ್ನ ಸರದಿ. ರಾಯರ ವಾರ, ತಲೆಗೆ ನೀರು ಹಾಕಿಕೊಂಡು, ಬಾಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಾ ಕ್ಲಿಪ್ಪು ಸಿಕ್ಕಿಸುತ್ತಿದ್ದೆ.

ಮೆಟ್ಟಿಲ ಮೇಲೆ ಚಪ್ಪಲಿಯ ಪಟಪಟ ಸದ್ದು. ಮೇಲಿನ ಮನೆಯ ಜಪಾನಿ ಹುಡುಗಿ ಕೇಕೋ. ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುವವಳು, ಇವತ್ತು ಏದುಸಿರು ಬಿಡುತ್ತಾ ನಿಂತಿದ್ದಾಳೆ.

"ಕ್ನೀ!" ಅಂದಳು. ಜರ್ಮನ್‌ನಲ್ಲಿ ಮೊಣಕಾಲು ಅಂತ. "ಕ್ನೀ ಕಪುಟ್!" ಕೆಟ್ಟುಹೋಯ್ತು ಅಂತ.

ಯಾರ ಮೊಣಕಾಲು? ನಮ್ಮ ಮನೆಯವರು ಬೆಳಗ್ಗೆ ಎಸ್‌-ಬಾನ್ ರೈಲು ಹಿಡಿಯೋಕೆ ಓಡಿದ್ದರು. ಮಗಳಿಗೆ ಸ್ಕೂಲಿನಲ್ಲಿ ಆಟದ ಪೀರಿಯಡ್ಡು.

"ಗುಂಡಣ್ಣ-ಸಾನ್!"

ಉಸ್ಸಪ್ಪಾ, ಬದುಕಿದೆ ಅಂದುಕೊಂಡೆ. ಮರುಕ್ಷಣವೇ ಕೈಲಿದ್ದ ಕ್ಲಿಪ್ಪು ಬುಟ್ಟಿಗೆಸೆದೆ. ಗುಂಡಣ್ಣನ ಮೊಣಕಾಲಾ? ಈಗಲಾ? ಇನ್ನೂ ಎರಡು ಗೆಲ್ಲಬೇಕಲ್ಲ!

ಗುಂಡಣ್ಣ ಯಾರು ಅಂತ ಹೇಳಿಬಿಡುತ್ತೇನೆ. ಅವನೊಬ್ಬ ಸುಮೋ ಪೈಲ್ವಾನ. ಅವನ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ನಾನಿಟ್ಟ ಹೆಸರು ಗುಂಡಣ್ಣ. ಕೇಕೋಗೂ ಅದೇ ಇಷ್ಟವಾಗಿ, ಮರ್ಯಾದೆಗೆ ಕೊನೆಯಲ್ಲೊಂದು 'ಸಾನ್' ಸೇರಿಸಿಕೊಂಡಿದ್ದಾಳೆ. ಅವಳ ತವರೂರಿನವನೇ ಅವನು. ವಯಸ್ಸಾಗಿದೆ. ವಯಸ್ಸು ಅಂದರೆ ಮೂವತ್ತೈದು. (ಪೈಲ್ವಾನರ ಲೆಕ್ಕದಲ್ಲಿ ಅದು ಪಿಂಚಣಿ ವಯಸ್ಸು. ನಮ್ಮ ಲೆಕ್ಕದಲ್ಲಿ ಹೆಂಗಸರಿಗೆ ಆಗಿನ್ನೂ ಕೆಲಸ ಶುರು.)

ನೊಯ್‌ಬಿಬರ್ಗ್ ಎಂಬ ಜರ್ಮನ್ ಊರಿನಲ್ಲಿ ಕೂತ ಮೈಸೂರಿನ ಗೃಹಿಣಿಗೂ ಸುಮೋಗೂ ಎಲ್ಲಿಂದೆಲ್ಲಿಗೆ ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನಾನೂ ಮೊದಲ ಸಲ ಟಿವಿಯಲ್ಲಿ ನೋಡಿದಾಗ "ಅಯ್ಯೋ ರಾಮ, ಇವರಿಗೆ ಬಟ್ಟೆ ಕೊಡೋರಿಲ್ವಾ?" ಅಂತ ಮಗಳ ಕಣ್ಣು ಮುಚ್ಚಿದವಳೇ. ಆಮೇಲೆ ಅವರು ಬಾಯಿ ಮುಕ್ಕಳಿಸಿದ್ದು ನೋಡಿದೆ. ಮುಷ್ಟಿ ತುಂಬ ಉಪ್ಪು ತೆಗೆದು ಅಖಾಡದ ಮೇಲೆ ಎರಚಿದ್ದು ನೋಡಿದೆ. ಯಾಕೆ? ಶುದ್ಧಿಗಂತೆ. ಸ್ಪರ್ಧೆ ಶುರುವಾಗುವ ಮೊದಲು ಆ ಮಣ್ಣಿನ ನಡುವೆ ಅಕ್ಕಿ, ಉಪ್ಪು ಎಲ್ಲ ಹೂಳಿ ಪೂಜೆ ಮಾಡುತ್ತಾರಂತೆ. ಗರಡಿಮನೆಯ ಮುಂದೆ ಓಡಾಡಿ ಬೆಳೆದವಳು ನಾನು. ಕೆಂಪು ಮಣ್ಣಿಗೆ ಕೈಮುಗಿದು ಇಳಿಯುವ ಪೈಲ್ವಾನರನ್ನು ಕಂಡವಳು. ಇದು ನಮ್ಮದೇ ಪೈಕಿ ಅನ್ನಿಸಿಬಿಟ್ಟಿತು. (ಹೆಂಗಸರು ಆ ಅಖಾಡ ಹತ್ತಬಾರದಂತೆ. ಇದೂ ಎಲ್ಲೋ ಕೇಳಿದ ಹಾಗಿದೆ ಅಲ್ವಾ?)

ಇಂಜಿನಿಯರ್ ಗಂಡನಿಗೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಬೆನ್ನಿಗೆ ಬಂದ ನನ್ನಂಥ ಹೆಂಡತಿಯರಿಗೆ ಇಲ್ಲಿ ಕೈಗೆ ಕೆಲಸವಿಲ್ಲ. ಪರ್ಮಿಟ್ಟಿಗೆ ಕಾಯಬೇಕು. ಕೇಕೋ ಕಥೆಯೂ ಹೆಚ್ಚುಕಡಿಮೆ ಅದೇ. ಅವಳ ಗಂಡನೂ ಚಿಪ್ ಇಂಜಿನಿಯರ್, ಕತ್ತಲಾದ ಮೇಲೆ ಮನೆಗೆ ಬರುವ ಪ್ರಾಣಿ. ನಮ್ಮಿಬ್ಬರ ಜರ್ಮನ್ ಸೇರಿಸಿದರೂ ಒಂದು ಪೂರ್ತಿ ವಾಕ್ಯ ಆಗುವುದಿಲ್ಲ. ಆದರೂ ಸಂಜೆಯಾದರೆ ನನ್ನ ಸೋಫಾದ ಮೇಲೆ ಅಕ್ಕಪಕ್ಕ ಕೂತು, ಅವಳ ಗ್ರೀನ್ ಟೀ, ನನ್ನ ಚಕ್ಕುಲಿ, ಅವತ್ತಿನ ಕುಸ್ತಿ.

ನಿಯಮ ಬಹಳ ಸುಲಭ. ಹದಿನೈದು ದಿನ, ದಿನಕ್ಕೊಂದೇ ಪಂದ್ಯ. ಎಂಟು ಗೆದ್ದರೆ ನಿನ್ನ ಜಾಗ ಗಟ್ಟಿ. ಏಳಕ್ಕೇ ನಿಂತರೆ ಕೆಳಗಿಳಿ. ಗುಂಡಣ್ಣ ಮೇಲಿನ ದರ್ಜೆಯ ಕಟ್ಟಕಡೆಯ ಮೆಟ್ಟಿಲಲ್ಲಿದ್ದ. ಹನ್ನೊಂದು ದಿನದಲ್ಲಿ ಆರು ಗೆದ್ದಿದ್ದ. ಅಷ್ಟರಲ್ಲಿ ಈ ಮೊಣಕಾಲು.

"ಸೋತನಾ?" ಅಂತ ಕೇಳಿದೆ.

"ಹೇಳಲ್ಲ!" ಅಂದಳು ಕೇಕೋ. ಅವಳ ಅಮ್ಮ ಬೆಳಗ್ಗೆಯೇ ಜಪಾನಿನಿಂದ ಫೋನ್ ಮಾಡಿ ಫಲಿತಾಂಶ ಹೇಳಿಬಿಡುತ್ತಾರೆ. ಸಂಜೆ ಟಿವಿಯಲ್ಲಿ ಬರುವವರೆಗೆ ನನಗೆ ಹೇಳಬಾರದು ಅಂತ ನಮ್ಮ ಒಪ್ಪಂದ. "ರಿಸಲ್ಟ್ ಹೇಳಲ್ಲ. ಮೊಣಕಾಲು ಮಾತ್ರ ಹೇಳಿದ್ದು."

ಸಂಜೆ ನೋಡಿದೆ. ಆ ಅಖಾಡ ನಮ್ಮ ಜಗಲಿಯ ಹಾಗೆ ಎತ್ತರದಲ್ಲಿರುತ್ತದೆ. ಗುಂಡಣ್ಣ ಅಲ್ಲಿಂದ ದೊಪ್ಪನೆ ನೆಲಕ್ಕೆ ಬಿದ್ದ. ಎದ್ದ. ಒಂದು ಕಾಲೆಳೆದುಕೊಂಡು ಮತ್ತೆ ಮೇಲೆ ಹತ್ತಿದ. ಯಾಕೆ ಹತ್ತಿದ? ಬೀಳಿಸಿದವನಿಗೆ ತಲೆಬಾಗಿ ನಮಸ್ಕಾರ ಮಾಡಿಯೇ ಇಳಿಯಬೇಕು, ಅದು ಪದ್ಧತಿ. ಮುಖದ ಮೇಲೆ ನೋವಿನ ಒಂದು ಗೆರೆ ಕಾಣಲಿಲ್ಲ. ನಮಸ್ಕಾರ ಮಾಡಿ, ಇಳಿದು, ಕುಂಟುತ್ತಾ ಹೋದ.

ನನಗೆ ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಅಲ್ಲೇ ಶೆಲ್ಫಿನಲ್ಲಿ ನಮ್ಮ ದೇವರು. ದೀಪ ಹಚ್ಚಿ, ಕೈಮುಗಿದು ಹೇಳಿಬಿಟ್ಟೆ: "ತಿಮ್ಮಪ್ಪಾ, ಈ ಗುಂಡಣ್ಣ ಎಂಟು ಗೆಲ್ಲಲಿ. ಗೆದ್ದರೆ ಇವನ ಮುಡಿ ನಿನಗೆ."

ನಗಬೇಡಿ. ನಮ್ಮ ಮನೆಗಳಲ್ಲಿ ಇದೇ ತಾನೇ ಅಭ್ಯಾಸ? ಮಗುವಿಗೆ ಜ್ವರ ಬಂದರೆ ಮಗುವಿನ ಮುಡಿ. ಮೈದುನನಿಗೆ ಕೆಲಸ ಸಿಗದಿದ್ದರೆ ಮೈದುನನ ಮುಡಿ. ಅವರನ್ನು ಯಾರಾದರೂ ಒಂದು ಮಾತು ಕೇಳುತ್ತಾರಾ? ಜೊತೆಗೆ ಗುಂಡಣ್ಣನಿಗೆ ಎಂಥಾ ಕೂದಲು! ಎಣ್ಣೆ ಹಚ್ಚಿ ನುಣ್ಣಗೆ ಬಾಚಿ ಮೇಲೆ ಮಡಿಸಿ ಕಟ್ಟಿದ ಜುಟ್ಟು. ನೋಡಿದರೆ ದೇವರಿಗೇ ಬೆಳೆಸಿದ ಹಾಗಿತ್ತು.

ಮರುದಿನ ಕೇಕೋಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಕೂದಲಿಗೆ ಜರ್ಮನ್ ಪದ ಗೊತ್ತಿತ್ತು, ಮುಡಿಗೆ ಗೊತ್ತಿರಲಿಲ್ಲ. ಎರಡು ಬೆರಳು ಕತ್ತರಿ ಮಾಡಿ ತಲೆಯ ಮೇಲೆ ಆಡಿಸಿ, ಆಮೇಲೆ ದೇವರ ಕಡೆ ಕೈ ತೋರಿಸಿದೆ.

ಕೇಕೋ ಟೀ ಕಪ್ಪು ಕೆಳಗಿಟ್ಟಳು.

"ಗುಂಡಣ್ಣ-ಸಾನ್ ಕೂದಲು? ಕತ್ತರಿ?"

"ಹೂಂ. ಗೆದ್ದರೆ ಪೂರ್ತಿ ನುಣ್ಣಗೆ!"

"ನೈನ್! ನೈನ್! ನೈನ್!" ಬೇಡವೇ ಬೇಡ ಅಂತ ಸೋಫಾದಿಂದ ಎದ್ದೇಬಿಟ್ಟಳು.

ಅವಳು ಕೈಬಾಯಿ ತಿರುಗಿಸಿ ಹೇಳಿದ್ದು ಇಷ್ಟು. ಸುಮೋ ಪೈಲ್ವಾನನ ಜುಟ್ಟಿಗೆ ಕತ್ತರಿ ತಾಗುವುದು ಬದುಕಿನಲ್ಲಿ ಒಂದೇ ಸಲ, ಅವನು ನಿವೃತ್ತಿಯಾಗುವ ದಿನ. ಅಖಾಡದ ನಡುವೆ ಕುರ್ಚಿ ಹಾಕಿ ಕೂರಿಸುತ್ತಾರೆ. ಬಂಧುಗಳು, ಗೆಳೆಯರು ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಕತ್ತರಿಸುತ್ತಾರೆ. ಕೊನೆಯಲ್ಲಿ ಗುರು ಬಂದು ಪೂರ್ತಿ ತೆಗೆಯುತ್ತಾರೆ. ಬೆಟ್ಟದಂಥ ಗಂಡಸರು ಆಗ ಮಕ್ಕಳ ಹಾಗೆ ಅಳುತ್ತಾರಂತೆ.

"ನೀನು ದೇವರ ಹತ್ತಿರ ಏನು ಕೇಳಿದೆ?" ಅಂದಳು ಕೇಕೋ. "ಗೆಲ್ಲು ಅಂತಲಾ? ಮನೆಗೆ ಹೋಗು ಅಂತಲಾ?"

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಊರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿರುವ ಮಾತನ್ನೂ ಅವಳಮ್ಮ ಫೋನಿನಲ್ಲಿ ಹೇಳಿದ್ದರು. ಈ ಸಲ ಕೆಳಗಿಳಿದರೆ ಗುಂಡಣ್ಣ ಮತ್ತೆ ಮೇಲೆ ಹತ್ತಲು ನೋಡುವುದಿಲ್ಲ. ನಿಲ್ಲಿಸಿಬಿಡುತ್ತಾನೆ.

ಅಂದರೆ ಅವನು ಒಂದೊಂದು ದಿನವೂ ಹೋರಾಡುತ್ತಿದ್ದದ್ದೇ ಆ ಜುಟ್ಟು ಉಳಿಸಿಕೊಳ್ಳಲು. ನಾನು ಪುಣ್ಯಾತ್ಗಿತ್ತಿ ಅದನ್ನೇ ತಿರುಪತಿಗೆ ಬರೆದುಕೊಟ್ಟಿದ್ದೆ!

ರಾತ್ರಿ ಊಟಕ್ಕೆ ಬಡಿಸುತ್ತಾ ಮನೆಯವರಿಗೆ ಹೇಳಿದೆ. ಹುಳಿ ನೆತ್ತಿಗೇರುವಷ್ಟು ನಕ್ಕರು.

"ವಾಪಸ್ ತಗೊಂಡುಬಿಡೇ, ಅಷ್ಟೇ ತಾನೇ."

"ಹರಕೆ ಏನು ಕ್ಯಾಟಲಾಗಿನಲ್ಲಿ ತರಿಸಿದ ಕೋಟೇನ್ರೀ, ಅಳತೆ ಸರಿಯಿಲ್ಲ ಅಂತ ವಾಪಸ್ ಕಳಿಸೋಕೆ?"

"ಅಲ್ಲ ಕಣೇ, ಜಪಾನಿನಲ್ಲಿ ಆ ಪಂದ್ಯ ಬೆಳಗ್ಗೆಯೇ ಮುಗಿದಿರುತ್ತೆ. ನೀನು ಸಂಜೆ ದೀಪ ಹಚ್ಚಿ ಗೆಲ್ಲಿಸಪ್ಪಾ ಅಂದರೆ ತಿಮ್ಮಪ್ಪ ತಾನೆ ಏನು ಮಾಡಬೇಕು?"

"ದೇವರಿಗೇನು ಟೈಮ್ ಝೋನ್ ಇದೆಯೇನ್ರೀ?"

ಅವರು ಮೊಸರಿಗೆ ಕೈ ಚಾಚಿದರು. ಚರ್ಚೆ ಮುಗಿಯಿತು ಅಂತ ಅರ್ಥ.

ಫೋನ್ ಕಾರ್ಡು ತಂದು ಮೈಸೂರಿಗೆ ಮಾಡಿದೆ. "ಅಮ್ಮಾ, ಹೊತ್ತ ಹರಕೆ ಬದಲಾಯಿಸಬಹುದಾ?"

ಅಮ್ಮ ಗಾಬರಿ. "ಯಾರಿಗೇ ಏನಾಯ್ತು?"

"ಯಾರಿಗೂ ಏನಿಲ್ಲ. ಒಬ್ಬ ಪೈಲ್ವಾನನಿಗೆ ಮೊಣಕಾಲು ನೋವು."

"ಯಾವೂರೋನು?"

"ಜಪಾನು."

ಅಮ್ಮ ದನಿ ತಗ್ಗಿಸಿದರು. "ಅಳಿಯಂದಿರು ಮನೇಲಿದ್ದಾರೇನೇ? ಅವರಿಗೆ ಕೊಡು ಫೋನು."

ಎಲ್ಲ ಬಿಡಿಸಿ ಹೇಳಿದ ಮೇಲೆ ಅಮ್ಮ ತೀರ್ಪು ಕೊಟ್ಟರು. "ಹೊತ್ತವಳು ನೀನು, ತೀರಿಸೋಳೂ ನೀನೇ. ಊರಿಗೆ ಬಂದಾಗ ಬೆಟ್ಟ ಹತ್ತಿ ನಿನ್ನದು ಮೂರು ಕತ್ತರಿ ಕೊಟ್ಟು ತಪ್ಪಾಯ್ತು ಅನ್ನು. ಪಾಪ, ಆ ಹುಡುಗನ ತಲೆ ತಂಟೆಗೆ ಹೋಗಬೇಡ."

ಹಾಗೇ ತಿದ್ದುಪಡಿ ಸಲ್ಲಿಸಿದೆ.

ಮೊಣಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಗುಂಡಣ್ಣ ಶುಕ್ರವಾರ ಬಂದ. ಸೋತ. ಶನಿವಾರ ಮತ್ತೆ ಬಂದ. ಹೇಗೋ ಗೆದ್ದ. ಕೊನೆಯ ಭಾನುವಾರದ ಹೊತ್ತಿಗೆ ಏಳು ಗೆಲುವು, ಏಳು ಸೋಲು. ಉಳಿದದ್ದು ಒಂದೇ ಪಂದ್ಯ.

ಅವತ್ತು ಕೇಕೋ ತನ್ನ ಮನೆಯ ಫೋನಿನ ವಯರನ್ನೇ ಕಿತ್ತಿಟ್ಟು ಬಂದಿದ್ದಳು. ಅಮ್ಮನ ಬಾಯಿಂದಲೂ ಕೇಳಬಾರದಂತೆ. ಇಬ್ಬರೂ ಒಟ್ಟಿಗೇ ನೋಡಬೇಕಂತೆ. ಗುಂಡಣ್ಣ ಕೆಳಗಿನ ಮೆಟ್ಟಿಲಿನವನಾದ್ದರಿಂದ ಅವನ ಪಂದ್ಯ ಮೊದಲೇ ಬಂತು.

ಎದುರಾಳಿ ಇಪ್ಪತ್ತರ ಹರೆಯದವನು. ಮೈಯೆಲ್ಲ ಹೊಳಪು. ಗುಂಡಣ್ಣ ಉಪ್ಪು ಎರಚಿದ. ಕೂತ. ಎದ್ದ. ಢೀ!

ಆ ಹುಡುಗ ನೂಕಿದ ರಭಸಕ್ಕೆ ಗುಂಡಣ್ಣ ಹಿಂದೆ, ಹಿಂದೆ, ಇನ್ನೂ ಹಿಂದೆ. ಅಖಾಡದ ಅಂಚಿಗೆ ಹುಲ್ಲಿನ ಸುರುಳಿ ಹೂತಿಟ್ಟಿರುತ್ತಾರೆ. ಅದನ್ನು ದಾಟಿದರೆ ಮುಗಿಯಿತು. ಹಿಮ್ಮಡಿ ಅದರ ಮೇಲೆ ನಿಂತಿತು. ಸೊಂಟ ಬಾಗಿತು. ಕೇಕೋ ನನ್ನ ಕೈ ಹಿಚುಕುತ್ತಿದ್ದಳು. ಆಗ ಗುಂಡಣ್ಣ ಗಟ್ಟಿ ಕಾಲೊಂದರ ಮೇಲೆ ಗಿರ್ರನೆ ತಿರುಗಿ ಹುಡುಗನನ್ನು ಎಳೆದ. ಇಬ್ಬರೂ ಒಟ್ಟಿಗೆ ಕೆಳಗೆ!

ಮೊದಲು ಬಿದ್ದವರು ಯಾರು? ಗೆದ್ದವನೆಂದು ರೆಫರಿ ಬೀಸಣಿಗೆ ತೋರಿಸಿದ್ದು ಹುಡುಗನ ಕಡೆಗೆ.

ಕೇಕೋ ಮುಖ ಮುಚ್ಚಿಕೊಂಡಳು. ನಾನು "ಗೋವಿಂದಾ" ಅಂದೆ.

ಅಷ್ಟರಲ್ಲಿ ಸುತ್ತ ಕೂತಿದ್ದ ಕಪ್ಪು ಉಡುಪಿನ ಹಿರಿಯರು ಎದ್ದು ಅಖಾಡ ಹತ್ತಿದರು. ಅವರೂ ಹಳೆಯ ಪೈಲ್ವಾನರೇ. ನಮ್ಮ ಪಂಚಾಯ್ತಿಯ ಹಾಗೆ ಗುಂಪಾಗಿ ನಿಂತು ಮಾತಾಡಿಕೊಂಡರು. ನಾನು ನೋಡುತ್ತಿದ್ದದ್ದು ಗುಂಡಣ್ಣನ ಮುಖವನ್ನು. ಕೆಳಗೆ ನಿಂತಿದ್ದ, ಮೈಮೇಲೆಲ್ಲ ಮಣ್ಣು. ಇಷ್ಟು ವರ್ಷದ ಬದುಕನ್ನು ಯಾರೋ ನಾಲ್ಕು ಜನ ಮೇಲೆ ನಿಂತು ತೀರ್ಮಾನ ಮಾಡುತ್ತಿದ್ದಾರೆ. ಕೂಗಾಡಲಿಲ್ಲ. ಕೈ ತೋರಿಸಲಿಲ್ಲ. ಕ್ರಿಕೆಟ್ಟಿನವರ ಹಾಗೆ ಮುಖ ಸಿಂಡರಿಸಲಿಲ್ಲ. ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಇಂಥ ತಾಳ್ಮೆ ಎಲ್ಲಿ ಕಲಿಸುತ್ತಾರೆ?

ಹಿರಿಯರೊಬ್ಬರು ಮೈಕು ಹಿಡಿದು ಏನೋ ಹೇಳಿದರು. ನನಗೆ ಒಂದಕ್ಷರ ಗೊತ್ತಾಗಲಿಲ್ಲ. ಕೇಕೋಗೆ ಗೊತ್ತಾಯಿತು. ಸದ್ದೇ ಮಾಡದ ಆ ಹುಡುಗಿ ಕಿಟಾರನೆ ಕಿರುಚಿದಳು. ತೀರ್ಪು ಬದಲಾಗಿತ್ತು. ಗುಂಡಣ್ಣ ಗೆದ್ದಿದ್ದ! ನಾನೂ ಕೂಗಿದೆ. ಇಬ್ಬರೂ ತಬ್ಬಿಕೊಂಡು ಕುಣಿದೆವು. ಜರ್ಮನಿಯಲ್ಲಿ ಭಾನುವಾರ ಮೊಳೆ ಹೊಡೆದರೂ ಅಪರಾಧ. ಕೆಳಗಿನ ಮನೆಯ ಅಜ್ಜಿ ಪೊರಕೆ ಹಿಡಿಯಿಂದ ಸೀಲಿಂಗಿಗೆ ಕುಟ್ಟಿದರು. ಕುಟ್ಟಲಿ ಬಿಡಿ.

ಗುಂಡಣ್ಣ ನಕ್ಕನಾ? ಇಲ್ಲ. ಮತ್ತೆ ಮೇಲೆ ಹತ್ತಿ ಸೋತ ಹುಡುಗನಿಗೆ ತಲೆಬಾಗಿದ. ಇಳಿದು ಹೋಗಿ ಪಕ್ಕದಲ್ಲಿ ನಿಂತು, ಸೌಟಿನಲ್ಲಿ ನೀರು ತುಂಬಿ ಮುಂದಿನ ಪಂದ್ಯದವನಿಗೆ ಎರಡೂ ಕೈಯಿಂದ ಕೊಟ್ಟ. ಗೆದ್ದವನು ಮುಂದಿನವನಿಗೆ ನೀರು ಕೊಟ್ಟೇ ಹೋಗಬೇಕಂತೆ. ತೀರ್ಥ ಕೊಟ್ಟಷ್ಟೇ ಶ್ರದ್ಧೆಯಿಂದ ಕೊಟ್ಟ. ನನ್ನ ಕಣ್ಣು ತುಂಬಿ ಬಂದದ್ದು ಅವನು ಗೆದ್ದಾಗಲ್ಲ, ಆಗ.

ಹೋದ ತಿಂಗಳು ನಮ್ಮವರ ಆಫೀಸಿನಲ್ಲಿ ಕೆಲವರ ಕೆಲಸ ಹೋಯಿತು. ಉಳಿದವರು ಹೋದವರ ಕಣ್ಣು ತಪ್ಪಿಸಿ ಓಡಾಡಿದರು. ನಮ್ಮವರು ಉಳಿದವರಲ್ಲಿ ಒಬ್ಬರು, ದೇವರ ದಯೆ. ಆದರೆ ಉಳಿದುಕೊಂಡವನು ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಲೋಟ ನೀರು ಕೊಡಬೇಕು. ಅಷ್ಟೇ.

ಟಿವಿ ಆರಿಸಿದೆ. ಕೇಕೋ ಅಮ್ಮನಿಗೆ ಫೋನ್ ಮಾಡಲು ಮೇಲಕ್ಕೆ ಓಡಿದಳು. ನಿದ್ದೆಯಿಂದೆದ್ದ ನಮ್ಮ ಮನೆಯವರು ಕಣ್ಣುಜ್ಜುತ್ತಾ ಬಂದರು.

"ಏನೇ ಅಷ್ಟು ಗಲಾಟೆ? ಚಾಂಪಿಯನ್ ಯಾರು?"

"ಗೊತ್ತಿಲ್ಲ ಕಣ್ರೀ."

"ಹದಿನೈದು ದಿನ ನೋಡಿ ಚಾಂಪಿಯನ್ ಯಾರು ಅಂತ ಗೊತ್ತಿಲ್ವಾ?"

"ನಾಳೆಗೆ ಇಡ್ಲಿ ಬೇಕೋ ಬೇಡವೋ ನಿಮಗೆ?" ಅಂದು, ಅಕ್ಕಿ ನೆನೆಸಲು ಎದ್ದೆ.