ಒಂದೂವರೆ ಡಿಗ್ರಿ

ಕೆಳಗಿನ ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಕಳೆದ ವಾರ ನಮ್ಮನ್ನೂ ಕರೆದಿದ್ದರು. ಮಟಮಟ ಮಧ್ಯಾಹ್ನ, ರಾಯಚೂರಿನ ಬಿಸಿಲು, ಬೇಗ ಕೊಯ್ದರೆ ಸಾಕೆಂದು ಕಾಯುತ್ತಿದ್ದ ಕೇಕು. ಮಗು ಐದು ಮೇಣದಬತ್ತಿಗಳನ್ನು ಉಗುಳಿನ ಸಮೇತ ಊದಿ ಆರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕರಗಿದ ಮೇಣದ ವಾಸನೆ ಮೂಗಿಗೆ ಬಡಿದು ನನ್ನ ಎರಡು ಕೈ ಮಾತ್ರ ಅರ್ಧಕ್ಕೆ ನಿಂತವು. ಭೂಗೋಳದ ಮಾಸ್ತರರ ಅಂಗಿಯಿಂದ, ಚೀಲದಿಂದ, ಅವರು ಎತ್ತಿ ಕೊಟ್ಟ ಚಹಾದ ಲೋಟದಿಂದಲೂ ಬರುತ್ತಿದ್ದ ವಾಸನೆ ಅದು...

ಓದುಗರು ತಪ್ಪು ತಿಳಿಯಬಾರದು. ಅವರು ನನಗೆ ಬಹಳ ಬೇಕಾದವರಾಗಿದ್ದರೆಂದು ನಾನು ಹೇಳುತ್ತಿಲ್ಲ. ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷ ಎದುರುಬದುರು ಕುರ್ಚಿಯಲ್ಲಿ ಕುಳಿತೆವು. ಆ ಹದಿನಾಲ್ಕು ವರ್ಷವೂ ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಒಂದು ದಿನ ರಜೆ ಹಾಕದೆ, ಪೂರ್ಣ ಹಾಜರಾತಿಯಿಂದ.

ನಾನು ವಿಜ್ಞಾನದ ಮಾಸ್ತರ. ಪ್ರಯೋಗಶಾಲೆಯ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಸಂಶೋಧನೆ ಎಂಬ ಶಬ್ದದ ಮೇಲೆ ಆ ಊರಿನಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ನನಗೆ ಎಂದು ನಂಬಿದ್ದೆ. ಸರಕಾರದ ಸಂಶೋಧನಾ ನೆರವಿಗೆ ಮೂರು ಸಲ ಅರ್ಜಿ ಹಾಕಿದ್ದೆ. ವಿಷಯ, ಬಿಸಿಲಿನಿಂದ ಅಡುಗೆ. ರಾಯಚೂರು ಜಿಲ್ಲೆಗೆ ಇದಕ್ಕಿಂತ ತಕ್ಕ ವಿಷಯ ಇರಲಾರದು. ಇಲ್ಲಿ ಒಲೆ ಹೂಡುವುದೇ ಒಂದು ಐಷಾರಾಮ. ಮೂರು ಸಲವೂ 'ಪರಿಶೀಲಿಸಲಾಯಿತು' ಎಂಬ ಒಂದು ಸಾಲಿನ ಉತ್ತರ ಬಂತು. ಮೂರೂ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಏನೆಂದರೂ ಮೇಲೆ ಸರಕಾರದ ಮುದ್ರೆಯ ಸಿಂಹಗಳಿದ್ದವಲ್ಲ.

ಇಂಥ ನನ್ನ ಬಳಿಗೆ, ನಮ್ಮ ಶಾಲೆಗೆ ವರ್ಗವಾಗಿ ಬಂದ ಹೊಸತರಲ್ಲೇ ಒಂದು ದಿನ, ಭೂಗೋಳದ ಮಾಸ್ತರರು ಬಂದರು.

"ಒಂದು ಥರ್ಮಾಮೀಟರ್ ಸಿಗತದೇನ್ರಿ ಸರ? ಬೋರಿನ್ಯಾಗ ಇಳಿಸಿ ನೋಡಬೇಕಂತ ಮಾಡೀನಿ."

"ಬೋರಿನ್ಯಾಗ ಎಲ್ಲಾರೂ ನೀರು ನೋಡ್ತಾರ. ನೀವೇನು ನೋಡ್ತೀರಿ?"

"ಭೂಮಿ ಒಳಗ ಎಷ್ಟು ಬಿಸಿ ಅದ ಅಂತ. ಆಳಕ್ಕೆ ಹೋದಂಗ ಶಾಖ ಹೆಚ್ಚಾಗತದ ಅಂತ ಹತ್ತು ವರ್ಷದಿಂದ ಹುಡುಗರಿಗೆ ಬರಸಾಕತ್ತೀನಿ. ನಾನಽ ಒಮ್ಮಿನೂ ನೋಡಿಲ್ಲ ನೋಡ್ರಿ."

ಕಣ್ಣಾರೆ ನೋಡದ ಎಷ್ಟು ಸಂಗತಿಗಳನ್ನು ನಾನೂ ಬರೆಸಿದ್ದೆನೋ, ಲೆಕ್ಕವಿಲ್ಲ. ನೋಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ವಿಜ್ಞಾನದವನಿಗೆ ಅನ್ನಿಸದ್ದು ಭೂಗೋಳದವನಿಗೆ ಅನ್ನಿಸಿತ್ತು. ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಆಗ.

ಅಲಮಾರಿ ತೆಗೆದೆ. ಒಳಗೆ ಐದಾರು ಥರ್ಮಾಮೀಟರುಗಳಿದ್ದವು. ಅದರಲ್ಲಿ ಒಂದರ ಕೊರಳಿಗೆ ಕೆಂಪು ದಾರ. ಅದು ಇರುವುದಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಯಾರೂ ಬಳಸಬಾರದೆಂದು ನಾನೇ ಪರೀಕ್ಷಿಸಿ ದಾರ ಕಟ್ಟಿಟ್ಟಿದ್ದೆ. ಕೈ ತಾನಾಗಿ ಅದರ ಕಡೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಕಳಿಸಿದೆ.

"ಈ ಕೆಂಪು ದಾರ ಯಾಕ್ರಿ?" ಎಂದರು.

"ದೃಷ್ಟಿ ತಾಗಬಾರದಂತ," ಎಂದೆ.

ಅವರು ನಕ್ಕು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಒಂದು ಭಾನುವಾರ ನಾನೂ ಅವರ ಸೈಕಲ್ಲಿನ ಹಿಂದೆ ಕುಳಿತು ಮಸರಕಲ್ ಕಡೆಗೆ ಹೋದೆ. ಕಲಿಯಲಿಕ್ಕಲ್ಲ, ತಪ್ಪು ಹಿಡಿಯಲಿಕ್ಕೆ. ನೀರು ಬೀಳದೆ ಬಿಟ್ಟ ಬೋರು. ಹತ್ತು ಅಡಿಗೊಂದು ಗಂಟು ಹಾಕಿದ ಹಗ್ಗ. ಥರ್ಮಾಮೀಟರ್ ಮೇಲೆ ಬರುವಷ್ಟರಲ್ಲಿ ಪಾದರಸ ಜಾಗ ಬದಲಿಸುತ್ತದೆ, ಅಲ್ಲಿ ಹಿಡಿಯೋಣ ಎಂದುಕೊಂಡಿದ್ದೆ. ಅವರು ಅದರ ಬುಡಕ್ಕೆ ಮೇಣದಬತ್ತಿ ಕರಗಿಸಿ ನಿಂಬೆಹಣ್ಣಿನಷ್ಟು ದಪ್ಪ ಮೇಣ ಮೆತ್ತಿದ್ದರು. ಬಿಸಿ ಅದರೊಳಗೆ ಹೋಗಲಿಕ್ಕೂ ತಡ, ಹೊರಬರಲಿಕ್ಕೂ ತಡ. ಎರಡು ತಾಸು ಒಳಗೆ ಬಿಟ್ಟು ಸರಸರನೆ ಎಳೆದರೆ ತಳದ ಶಾಖ ಹಾಗೆಯೇ ಮೇಲೆ ಬರುತ್ತಿತ್ತು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ತಪ್ಪು ಸಿಗದ ದುಃಖದಲ್ಲಿ ನಾನು ಜಾಲಿಗಿಡದ ನೆರಳಿಗೆ ಹೋಗಿ ಕುಳಿತೆ.

ಕುರಿ ಕಾಯುವ ಮುದುಕನೊಬ್ಬ ಕೋಲಿಗೆ ಗದ್ದ ಊರಿ ನಿಂತ.

"ನೀರು ಬಿತ್ತೇನ್ರಿ ಮಾಸ್ತರ?"

"ನೀರಲ್ಲ ಯಪ್ಪಾ. ಭೂಮಿತಾಯಿಗೆ ಜ್ವರ ಬಂದಾವೇನು ಅಂತ ನೋಡಾಕತ್ತೀನಿ."

"ಹೆಂಗದಾಳ?"

"ಒಳಗ ತಣ್ಣಗದಾಳ."

"ಹಂಗಾದ್ರ ಜ್ವರ ನಮಗಽ ಬಂದಾವ ಬಿಡ್ರಿ," ಎಂದು ಮುದುಕ ತಲೆಯ ಮೇಲಿನ ಕಂಬಳಿ ಸರಿಮಾಡಿಕೊಂಡ.

ಮಾತು ನಿಜವಾಗಿತ್ತು. ಮೇಲೆ ಕಾದ ಹೆಂಚಿನಂಥ ನಮ್ಮ ನೆಲ ಒಳಗೆ ತಣ್ಣಗಿತ್ತು. ಮುನ್ನೂರು ಅಡಿ ಇಳಿದರೂ ಒಂದು ಡಿಗ್ರಿ ಏರಿದರೆ ಹೆಚ್ಚು. ನಾನಾಗಿದ್ದರೆ ಹಗ್ಗ ಅಲ್ಲೇ ಒಗೆದು ಬರುತ್ತಿದ್ದೆ. ಅವರು ಬೋರಿನಿಂದ ಬೋರಿಗೆ ಹೋದರು. "ಇಲ್ಲ ಅಂತ ಗೊತ್ತಾಗೂದೂ ಗೊತ್ತಾಗೂದಽ ಅಲ್ಲೇನ್ರಿ ಸರ?" ಎನ್ನುತ್ತಿದ್ದರು. ಇಲ್ಲ ಎಂಬುದರಲ್ಲೂ ಸಂತೋಷ ಕಾಣುವ ಮನುಷ್ಯನ ಜೊತೆ ಹೊಟ್ಟೆಕಿಚ್ಚು ಪಡುವವನಿಗೆ ಬಹಳ ಕಷ್ಟವಿದೆ. ಅವನು ಎಲ್ಲಿ ಸೋಲುತ್ತಾನೆಂದು ಕಾಯುವುದು?

ವರ್ಷಕ್ಕೊಮ್ಮೆ ತಾವು ಕಂಡದ್ದನ್ನೆಲ್ಲ ಪೋಸ್ಟ್ ಕಾರ್ಡಿನಲ್ಲಿ ಬರೆದು ಹೈದರಾಬಾದಿನ ವಿಜ್ಞಾನಿಗಳಿಗೆ ಕಳಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ನನಗೆ ಅದೊಂದು ಸಮಾಧಾನವಿತ್ತು. ನನಗಾದರೂ ಒಂದು ಸಾಲು ಬಂದಿತ್ತು. ಎಂಟನೆಯ ವರ್ಷ ಉತ್ತರ ಬಂತು, ಜೀಪಿನ ರೂಪದಲ್ಲಿ. ನೆಲದೊಳಗಿನ ಶಾಖವನ್ನು ವಿದ್ಯುತ್ತಿಗೆ ಬಳಸಬಹುದೇ ಎಂದು ಅಳೆಯಲು ಸರಕಾರ ಸಂಶೋಧನೆಗೆ ಹಣ ಕೊಟ್ಟಿತ್ತು. ಜೀಪಿನಿಂದ ಇಳಿದವರು ಮೈಸೂರು ಕಡೆಯ ಒಬ್ಬ ವಿಜ್ಞಾನಿ ಮೇಡಂ. "ಈ ಕಾರ್ಡುಗಳನ್ನು ಬರೆದವರು ಯಾರು?" ಎಂದು ಅವರು ಕೇಳಿದಾಗ ಹೆಡ್‌ಮಾಸ್ತರರೂ ಎದ್ದು ನಿಂತರು. ಜಿಲ್ಲೆಗೊಬ್ಬ ವೀಕ್ಷಕನನ್ನು ನೇಮಿಸುವುದಿತ್ತು. ಅವನಿಗೆ ಕೂದಲೆಳೆಯಂಥ ಗೆರೆಗಳ ವಿಲಾಯತಿ ಥರ್ಮಾಮೀಟರ್. ಸಿಂಹಗಳಿರುವ ನೇಮಕ ಪತ್ರ. ಯಾರಿಗೆ ಸಿಗುತ್ತದೆಂದು ಶಾಲೆಯ ಗಂಟೆಗೂ ಗೊತ್ತಿತ್ತು.

"ಅವರಿಗಿ ಆ ಕೆಲಸ ಬಂದ್ರ ನಿಮಗ್ಯಾಕ ರೊಟ್ಟಿ ಇಳೀವಲ್ದು?" ಎಂದು ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು. ರೊಟ್ಟಿ ಗಟ್ಟಿಯಾಗಿದೆ ಎಂದೆ. ಅದು ಇನ್ನೊಂದು ಜಗಳವಾಯಿತು.

ಮರುದಿನ ಬೆಳಿಗ್ಗೆ ಅದೇ ಮಸರಕಲ್ ಬೋರಿನ ಹತ್ತಿರ ಮೂವರೂ ನಿಂತೆವು. ಮೇಡಂ ತಮ್ಮ ಯಂತ್ರವನ್ನು ಇಳಿಸಿ, ಮಾಸ್ತರರು ಅಳತೆ ಬರೆದಿಟ್ಟ ವಹಿಯಲ್ಲಿ ಅವರೇ ತೆರೆದು ಹಿಡಿದ ಹಾಳೆಯ ಜೊತೆ ತಾಳೆ ನೋಡಿದರು. ಹುಬ್ಬು ಮೇಲೆ ಹೋಯಿತು.

"ಎಲ್ಲಾ ಆಳದಲ್ಲೂ ನಿಮ್ಮದು ಒಂದೂವರೆ ಡಿಗ್ರಿ ಜಾಸ್ತಿ ಇದೆಯಲ್ಲ ಮೇಷ್ಟ್ರೇ. ಥರ್ಮಾಮೀಟರ್ ಸರಿ ಇತ್ತಾ?"

ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಪಾಠದಲ್ಲಿ ಇಡೀ ದಿನ ಮಾತಾಡುವ ಗಂಟಲು ನನ್ನದು. ಅಂದು ಮಾಸ್ತರರ ಹಗ್ಗದ ಗಂಟುಗಳನ್ನು ಎಣಿಸುತ್ತ ನಿಂತೆ. ಮಾಸ್ತರರು ಒಮ್ಮೆ ನನ್ನ ಮುಖ ನೋಡಿದರು... ಬಹಳ ಹೊತ್ತೇನಲ್ಲ.

"ಥರ್ಮಾಮೀಟರಿಂದು ಏನೂ ತಪ್ಪಿಲ್ಲರೀ ಮೇಡಂ. ನನ್ನ ಕಣ್ಣು ಸರಿ ಇಲ್ಲ. ಗೆರಿ ಜರಾ ಮ್ಯಾಲ ಕಾಣತದ," ಎಂದರು.

ಮೇಡಂ ಒಳ್ಳೆಯವರು. ಆಳದಿಂದ ಆಳಕ್ಕೆ ವ್ಯತ್ಯಾಸ ಸರಿಯಾಗಿಯೇ ಇದೆ, ಆದ್ದರಿಂದ ಶ್ರಮ ವ್ಯರ್ಥವಲ್ಲ ಎಂದರು. ಆದರೆ ಸೂಕ್ಷ್ಮ ಗೆರೆ ಓದುವ ಕೆಲಸಕ್ಕೆ ಕಣ್ಣು ಚುರುಕಿರಬೇಕು, ಮೇಲಿನವರು ಕೇಳುತ್ತಾರೆ ಎಂದೂ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ವಿಜ್ಞಾನದವರಲ್ವಾ?" ಎಂದರು.

ಹೀಗೆ ಸಿಂಹಗಳು ನನ್ನ ಮನೆಗೆ ಬಂದವು. ಪತ್ರಕ್ಕೆ ಕಟ್ಟು ಹಾಕಿಸಿದೆ. ಎರಡು ಭಾನುವಾರ ಬೋರಿಗೆ ಹೋದೆ. ಮೂರನೆಯ ಭಾನುವಾರ ಬಿಸಿಲಿತ್ತು. ನಾಲ್ಕನೆಯ ಭಾನುವಾರವೂ ಬಿಸಿಲಿತ್ತು. ಅಷ್ಟರಲ್ಲಿ ತಣ್ಣನೆಯ ನೆಲದ ಮೇಲೆ ಸರಕಾರದ ಆಸಕ್ತಿಯೂ ತಣ್ಣಗಾಗಿ, ಹಣ ಬಿಸಿನೀರಿನ ಬುಗ್ಗೆಗಳಿರುವ ಬೆಟ್ಟಗಳ ಕಡೆಗೆ ಹೋಯಿತು. ವಿಲಾಯತಿ ಥರ್ಮಾಮೀಟರ್ ಪೆಟ್ಟಿಗೆಯ ಸಮೇತ ವಾಪಸ್ಸಾಯಿತು. ಭೂಗೋಳದ ಮಾಸ್ತರರು ಮತ್ತೆ ಬೋರಿಗೆ ಹೋಗಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. "ಕಣ್ಣು ಸರಿ ಇಲ್ಲದಾಂವ ಬೋರಿನ ಕಡೆ ಹೋಗಬಾರದಲ್ರಿ," ಎಂದು ನಕ್ಕರು. ಹಗ್ಗ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಯಿತು. ಗಂಟುಗಳು ಹಾಗೇ ಇದ್ದವು...

ನಿವೃತ್ತಿಯಾದ ಮೇಲೆ ಅವರು ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಜನ ಬಹಳ ಸೇರಿದ್ದರು. ಅದಕ್ಕೂ ಒಂದಿಷ್ಟು ಉರಿಯಿತು.

ಈಗ ಸರಕಾರ ಮತ್ತೆ ಭೂಶಾಖದ ಸಂಶೋಧನೆಗೆ ಹಣ ಕೊಡುತ್ತದೆಯಂತೆ. ಮೈಲುಗಟ್ಟಲೆ ಕೊರೆಯಬಹುದಾದ ಕಾಲವಾದ್ದರಿಂದ ತಣ್ಣನೆಯ ನೆಲವೂ ಬೇಕಂತೆ. ಪತ್ರಿಕೆಯಲ್ಲಿ ಓದಿದ್ದೆ. ಹುಟ್ಟುಹಬ್ಬವಾದ ಮೂರನೆಯ ದಿನ ಮಾಸ್ತರರ ಮಗಳು ಮಾನ್ವಿಯಿಂದ ನಮ್ಮ ಮನೆಗೆ ಬಂದಳು. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಸಂಶೋಧನೆ ಮಾಡುವವರು ಯಾರೋ ಹಳೆಯ ಪೋಸ್ಟ್ ಕಾರ್ಡುಗಳನ್ನು ನೋಡಿ ಮೂಲ ವಹಿ ಕೇಳಿದ್ದಾರೆ. ಯಾವ ಬೋರು ಎಲ್ಲಿತ್ತೆಂದು ನಾನು ಗುರುತಿಸಿ ಕೊಡಬೇಕಂತೆ.

ವಹಿ ತೆರೆದೆ. ಎರಡನೆಯ ಹಾಳೆಯಲ್ಲಿ ಗುರುತಿಗೆ ಇಟ್ಟ ಒಂದು ತುಂಡು ಕೆಂಪು ದಾರ. ಪಕ್ಕದಲ್ಲಿ ಅವರ ದುಂಡು ಅಕ್ಷರ: 'ಐಸಿನ ಅಂಗಡಿಯ ಪುಡಿ ಐಸಿನಲ್ಲಿಟ್ಟು ನೋಡಿದೆ. ಥರ್ಮಾಮೀಟರ್ ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ. ಆಳದಿಂದ ಆಳಕ್ಕೆ ವ್ಯತ್ಯಾಸ ಇದರಿಂದ ಕೆಡುವುದಿಲ್ಲ, ಇದನ್ನೇ ಬಳಸುತ್ತೇನೆ. ವಿಜ್ಞಾನ ಮಾಸ್ತರರಿಗೆ ಗೊತ್ತಿಲ್ಲ. ಹೇಳಿದರೆ ನೊಂದಾರು.'

ಗೊತ್ತಿಲ್ಲ ಎಂದು ನಿಜವಾಗಿ ನಂಬಿದ್ದರೋ, ನಂಬಬೇಕೆಂದು ನಿರ್ಧರಿಸಿದ್ದರೋ...

"ಕಾಕಾ, ನಮ್ಮಪ್ಪಗ ಖರೇನ ಕಣ್ಣು ಸರಿ ಇರಲಿಲ್ಲೇನ್ರಿ?" ಎಂದಳು ಮಗಳು. "ಕಡೀತನಕ ನಮ್ಮವ್ವಗ ಸೂಜಿಗಿ ದಾರ ಏರಿಸಿ ಕೊಟ್ಟಾಂವ ಅವನಽ."

"ಕಣ್ಣು ಚಲೋ ಇದ್ದವು ಯವ್ವಾ. ಥರ್ಮಾಮೀಟರ್ ಕೆಟ್ಟಿತ್ತು."

"ಅದು ನಿಮಗ ಗೊತ್ತಿರಲಿಲ್ಲ ಅಂತ ಬರದಾನಲ್ರಿ ಅಪ್ಪ."

ಮರ್ಯಾದೆಯಿಂದ ಹೊರಗೆ ನಡೆಯಲು ಬಾಗಿಲನ್ನು ಮಾಸ್ತರರೇ ತೆರೆದಿಟ್ಟು ಹೋಗಿದ್ದರು.

"ಗೊತ್ತಿತ್ತು," ಎಂದೆ.

ಅವಳು ಚಹಾದ ಕಪ್ಪು ಕೆಳಗಿಟ್ಟಳು. "ನಮ್ಮ ವಾರ್ಡಿನ್ಯಾಗ ಗೊತ್ತಿದ್ದೂ ಹಂಗ ಮಾಡಿದ್ರ ಕೆಲಸ ಬಿಡಿಸಿ ಮನಿಗಿ ಕಳಸ್ತಾರ್ರಿ," ಎಂದಳು, ದನಿ ಏರಿಸದೆ. ಆಮೇಲೆ ವಹಿಯನ್ನು ನನ್ನ ಮುಂದೆ ಸರಿಸಿದಳು. "ಇಲ್ಲೇ ಕೆಳಗ ಬರೀರಿ ಕಾಕಾ. ನೋಡೋರಿಗಿ ಗೊತ್ತಾಗಬೇಕು. ಸಹಿನೂ ಮಾಡ್ರಿ."

ಬರೆದೆ. ಅವರಿಗೆ ಹೇಳಬೇಕಾದದ್ದನ್ನು ಅವರ ವಹಿಗೆ ಹೇಳಿದೆ, ಕೇಳಲು ಅವರಿಲ್ಲ. ವೀಕ್ಷಕನ ದೋಷವಿಲ್ಲ, ಉಪಕರಣದ ದೋಷ, ಕೊಟ್ಟವನಿಗೆ ತಿಳಿದಿತ್ತು ಎಂದು ಬರೆದು ಸಹಿ ಮಾಡಿದೆ. ಮೇಲೆ ಅವರ ಸಾಲು, ಕೆಳಗೆ ನನ್ನದು. ಜೀವಮಾನವಿಡೀ ಕರಿಹಲಗೆಯ ಮೇಲೆ ಬರೆದ ಕೈ ನನ್ನದು. ಆದರೂ ಅಕ್ಷರ ಅವರದೇ ಚೆನ್ನಾಗಿತ್ತು.