ತಿರುವಿ ಹಾಕಿದ ತಗಡು

ಕಾದ ತಗಡಿನ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯೊಂದಿದೆ. ಮಣ್ಣಿನದಲ್ಲ, ಪೂರ್ತಿ ಕಬ್ಬಿಣದ್ದೂ ಅಲ್ಲ. ತಗಡಿನ ಕೆಳಗೆ ಬೆಳೆದವರಾದರೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ಅಮೀನಗಡದಲ್ಲಿ ಬಸ್ಸಿಗೆ ಕಾಯುತ್ತ ಕರದಂಟಿನ ಅಂಗಡಿಯ ತಗಡಿನ ನೆರಳಿಗೆ ನಿಂತಿದ್ದೆ. ನಾಲ್ಕು ಹನಿ ಬಿದ್ದದ್ದೇ ತಡ, ಇಳಕಲ್ಲಿನ ನಮ್ಮ ಮನೆ ಕಣ್ಣ ಮುಂದೆ ಬಂತು.

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಮಗ್ಗದ ಪಕ್ಕ ನೂಲಿನ ಕಂಡಿಕೆ ಸುತ್ತಲು ಕೂತವನು ನಾನು. ಎಪ್ಪತ್ತರ ದಶಕದ ಕೊನೆಯ ಮಾತು. ಮನೆಗೆಲ್ಲ ಮಣ್ಣಿನ ಮಾಳಿಗೆ. ಮಗ್ಗದ ಖೋಲಿಯದು ಕುಸಿಯಲು ಬಂದಿತ್ತು. ಆ ಬೇಸಿಗೆಯಲ್ಲಿ ಅಪ್ಪ ಮಣ್ಣು ಇಳಿಸಿ ತಗಡು ಹಾಕಿದ. ನಮ್ಮ ಓಣಿಗೆ ಅದೇ ಮೊದಲ ತಗಡು. ಅಲೆಅಲೆಯಾಗಿ ಹೊಳೆಯುವ ಹಾಳೆಗಳಲ್ಲಿ ಮುಖ ಕಂಡೀತೇ ಎಂದು ಹೆಂಗಸರು ಬಗ್ಗಿ ನೋಡಿ ಹೋದರು. ಅಪ್ಪನೂ ಪಕ್ಕದ ಮನೆಯ ಸಂಗಪ್ಪ ಕಾಕಾನೂ ಮೊಳೆಗಳನ್ನೆಲ್ಲ ತಗಡಿನ ತಗ್ಗಿನಲ್ಲೇ ಬಡಿದರು. ತಗ್ಗು ಜಂತಿಗೆ ಅಂಟಿ ಕೂರುತ್ತದೆ, ಗಟ್ಟಿ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ನೀರು ಹರಿಯುವುದೂ ಆ ತಗ್ಗಿನಲ್ಲೇ ಎಂಬುದು ಮಣ್ಣಿನ ಮಾಳಿಗೆಯಲ್ಲಿ ಬಾಳಿದವರಿಗೆ ಹೊಳೆಯಲಿಲ್ಲ.

ಮಗ್ಗದ ಮೇಲೆ ಆಗ ಅಕ್ಕನ ಮದುವೆಯ ಸೀರೆ ಇತ್ತು. ಊರವರಿಗೆಲ್ಲ ನೇಯ್ದ ಅಪ್ಪ ಇದೊಂದನ್ನು ಮಗಳಿಗೆಂದು ನೇಯುತ್ತಿದ್ದ. ನೀರು ತಾಗಿದರೆ ಸೆರಗಿನ ಕೆಂಪು ಬಣ್ಣ ಬಿಟ್ಟು ಸೀರೆಯ ಮೈಗೆಲ್ಲ ಹತ್ತುತ್ತಿತ್ತು. ಒಂದು ಮಧ್ಯಾಹ್ನ ಮಳೆ ಹೊಡೆಯಿತು. ಮೊಳೆಮೊಳೆಗೂ ಸೋರಿತು. ಅಕ್ಕ ಮಗ್ಗದ ಮೇಲೆ ಕಂಬಳಿ ಹರಡಿ, ಅದರ ಮೇಲೆ ತಾನೇ ಬಾಗಿ ನಿಂತಳು. ಬೆನ್ನೆಲ್ಲ ತೋಯ್ದರೂ ಸರಿಯಲಿಲ್ಲ. ಮಳೆ ಬೇಗ ನಿಂತರೂ ಪಡುವಣದಲ್ಲಿ ಇನ್ನೊಂದು ಮೋಡ ಕಪ್ಪಗೆ ಏಳುತ್ತಿತ್ತು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಜರಡಿ ಭಾಳ ಛಲೋ ಮಾಡೇವಿ ಬಿಡಪಾ," ಅಂದ ಸಂಗಪ್ಪ ಕಾಕಾ.

ತೂತಿಗೆ ಡಾಂಬರು ತುಂಬುವುದೋ, ಮಗ್ಗವನ್ನೇ ಬಿಚ್ಚುವುದೋ ಎಂದು ಅವರು ವಾದಿಸುತ್ತಿರುವಾಗ ಅವ್ವ ಹಿಟ್ಟಿನ ಕೈಯಲ್ಲೇ ಒಲೆ ಬಿಟ್ಟು ಬಂದು ಮೇಲೆ ನೋಡಿದಳು.

"ರೊಟ್ಟಿ ತಿರುವಿ ಹಾಕಿದಂಗ ತಗಡಾ ತಿರುವಿ ಹಾಕ್ರಿ. ತಗ್ಗಿನ್ಯಾಗಿನ ತೂತು ದಿಬ್ಬಕ್ಕ ಬರ್ತಾವ. ದಿಬ್ಬದ ಮ್ಯಾಲೆ ನೀರೆಲ್ಲಿ ನಿಲ್ತಾವ್ರಿ?"

"ಇಷ್ಟೊತ್ತು ಎಲ್ಲಿದ್ರಿ ವೈನಿ?" ಅಂದ ಕಾಕಾ.

"ನಿಮಗ ರೊಟ್ಟಿ ಬಡಿಯಾಕತ್ತಿದ್ನಿ."

ಅಪ್ಪ, ಕಾಕಾ ಇಬ್ಬರೂ ಏಣಿ ಹತ್ತಿದರು. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದವನು ನಾನು, ಒಂದನ್ನೂ ಮುರಿಯಲಿಲ್ಲ. ಕೊನೆಯ ತಗಡು ಮಗುಚಿ ಬಡಿಯುವಷ್ಟರಲ್ಲಿ ಮೋಡ ಒಡೆಯಿತು. ಎಲ್ಲರೂ ಮಗ್ಗದ ಖೋಲಿಯಲ್ಲಿ ಕತ್ತೆತ್ತಿ ನಿಂತೆವು. ಒಂದು ಹನಿಯೂ ಬೀಳಲಿಲ್ಲ. ಅಕ್ಕ ಕಂಬಳಿ ಎತ್ತಿದಳು: ಕೆಂಪು ಕೆಂಪಿನ ಜಾಗದಲ್ಲೇ ಇತ್ತು.

ಅವ್ವ ಅಲ್ಲಿಯೇ ಬುಟ್ಟಿ ತಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಮೇಲೆ ಮಳೆಯ ಅಬ್ಬರಕ್ಕೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಮುಖ ಮುಖ ನೋಡಿ ನಗುತ್ತ ಉಂಡೆವು. ಅಪ್ಪ ಅಕ್ಕನ ಕಡೆ ಬಾಗಿ ಏನೋ ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಹೂಂ ಎಂದು ತಲೆಯಾಡಿಸಿದಳು. ಏನು ಅಂದಿದ್ದನೋ, ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ.